ಒಂದು ವೇಳೆ

ಗೆರೆಗಳು ಮೂಡಿವೆ, ಎಲ್ಲವೂ ಮೂಡಿವೆ, ಒಂದೂ ತಪ್ಪಿಲ್ಲ — ಉಗಿಯಂತ್ರದ ಬಾಗಿಲು ತೆರೆದ ಕೂಡಲೇ ಮುಖಕ್ಕೆ ರಪ್ಪನೆ ಬಡಿಯುವ ಈ ಬಿಸಿ, ಆಗತಾನೇ ಇಸ್ತ್ರಿ ಮಾಡಿದ ಹತ್ತಿಬಟ್ಟೆಯ ವಾಸನೆ, ಅಮ್ಮನ ಹೊಲಿಗೆ ಅಂಗಡಿಯ ವಾಸನೆ, ಅದನ್ನು ಒಂದು ಗಳಿಗೆ ಮೂಗಿನಲ್ಲೇ ಹಿಡಿದುಕೊಂಡು ಅವಳು ತಟ್ಟೆಯನ್ನು ಹೊರಗೆಳೆಯುತ್ತಾಳೆ, ಹಸಿರು ಬಟ್ಟೆಯ ಗಂಟುಗಳು ಒಂದರ ಮೇಲೊಂದು, ಒಳಗೆ ಕತ್ತರಿ, ಚಿಮುಟ, ಸೂಜಿ ಹಿಡಿಯುವ ಇಕ್ಕಳ, ಗಂಟಿನ ಮೇಲೆ ಅಂಟಿಸಿದ ಟೇಪು ಒಳಗೆ ಹೋಗುವಾಗ ಬೋಳಾಗಿದ್ದದ್ದು ಹೊರಗೆ ಬರುವಾಗ ಓರೆ ಓರೆ ಕಪ್ಪು ಗೆರೆ ಮೂಡಿಸಿಕೊಂಡು ಬರುತ್ತದೆ, ಮೂಡಿದರೆ ಶುದ್ಧ, ಮೂಡದಿದ್ದರೆ ಮತ್ತೆ ಉಗಿಗೆ, ಆಸ್ಪತ್ರೆಯ ನೆಲಮಾಳಿಗೆಯ ಈ ಕೋಣೆಯಲ್ಲಿ ಹನ್ನೊಂದು ವರ್ಷದಿಂದ ಅವಳಿಗೆ ಇದೊಂದೇ ಆಸೆ, ಮನುಷ್ಯರ ಹಣೆಗೂ ಇಂಥ ಟೇಪು ಇದ್ದಿದ್ದರೆ ಯಾರು ಬೆಂದಿದ್ದಾರೆ ಯಾರು ಇನ್ನೂ ಹಸಿ ಎಂದು ತಿಳಿಯುತ್ತಿತ್ತು, ಬೇರೆಯವರದು ಹಾಳಾಗಲಿ, ತನ್ನದಾದರೂ — ಮೆಟ್ಟಿಲ ಮೇಲೆ ಚಟಪಟ ಚಪ್ಪಲಿ, ಆ ಸದ್ದು ಕತ್ತರಿ ಸಿಸ್ಟರದು, ಆಪರೇಷನ್ ಥಿಯೇಟರಿನ ದೊಡ್ಡ ನರ್ಸು, ಆ ಹೆಸರು ಬಂದದ್ದು ಕೈಯ ಕತ್ತರಿಯಿಂದಲ್ಲ, ಬಾಯೊಳಗಿನದರಿಂದ, ಒಂದು ಕೈಯಲ್ಲಿ ಕಣ್ಣಿನ ಸೆಟ್ಟು, ಅಂಗೈಯಗಲದ ಗಂಟು, ಇನ್ನೊಂದರಲ್ಲಿ ಮುಂದಿನ ವಾರದ ಲಿಸ್ಟು, ಏನಮ್ಮಾ ತಾಯಿ, ಇದ್ಯಾವ ಸೀಮೆ ಲೆಕ್ಕ, ಹದಿನೇಳಕ್ಕೆ ಆಪರೇಷನ್ನು, ಚೀಟಿ ನೋಡಿದ್ರೆ ನಿನ್ನ ಗಂಟು ಹದಿಮೂರಕ್ಕೇ ಅವಧಿ ಮುಗಿದು ಸತ್ತುಹೋಗುತ್ತೆ, ಹೆಣ ಇಟ್ಕೊಂಡು ಕಣ್ಣು ಕೊಯ್ಯೋದಾ ನಾವು?

ಲಿಸ್ಟು ನೋಡಬೇಕಾಗಿರಲಿಲ್ಲ, ಚೀಟಿ ತಿದ್ದಿಕೊಡ್ತೀನಿ ಸಿಸ್ಟರ್ ಅಂದಿದ್ದರೆ ಮುಗಿದುಹೋಗುತ್ತಿತ್ತು, ಆದರೆ ಕಣ್ಣು ತಾನಾಗಿಯೇ ಹೋಯಿತು, ಹದಿನೇಳು, ಬುಧವಾರ, ಎಡಗಣ್ಣು, ಪೊರೆ, ಗಂಡಸು, ಎಪ್ಪತ್ತೊಂದು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಆಮೇಲೆ ಹೆಸರು, ಹೆಸರನ್ನು ಓದಿದಳು, ಮತ್ತೆ ಓದಿದಳು, ಅಲ್ಲ, ಅದೇ ಹೆಸರಿನವರು ಇನ್ನೊಬ್ಬರಿರಬಹುದು, ಅದೇ ವಯಸ್ಸಿನವರು, ಡ್ರಾಯಿಂಗ್ ಮೇಷ್ಟ್ರೇ ಆಗಿದ್ದವರು, ಎಡಗಣ್ಣಿಗೇ ಪೊರೆ ಬಂದವರು, ಯಾಕಿರಬಾರದು — ಬಣ್ಣದ ಅಂಗಡಿಯ ಮಹಡಿ ಎಂದು ವಿಳಾಸದ ಜಾಗದಲ್ಲಿ ಬರೆದಿದೆ, ಬಣ್ಣದ ಅಂಗಡಿಯ ಮಹಡಿ, ಪ್ರತಿ ಭಾನುವಾರ ಅವಳು ಹತ್ತುವ ಇಪ್ಪತ್ತೆರಡು ಮೆಟ್ಟಿಲು, ಟರ್ಪೆಂಟೈನಿನ ವಾಸನೆಯ ನಡುವೆ ಮೂವತ್ತು ಮಂದಿಯ ಸಭೆ, ಗೋಡೆಯ ಮೇಲೆ ಆ ಪಟ, ಎರಡು ಬಿಳಿ ಹೊದಿಕೆಗಳನ್ನು ಸೇರಿಸಿ ಅಮ್ಮನೇ ಅಂಚು ಹೊಲಿದುಕೊಟ್ಟದ್ದು, ಅದರ ಮೇಲೆ ಅವರು, ಪಟದ ಹಿರಿಯರು ಎಂದೇ ಎಲ್ಲರೂ ಕರೆಯುವ ಅವರು, ಲೋಕದ ಹುಟ್ಟಿನಿಂದ ಹಿಡಿದು ಒಂದೊಂದು ಕಾಲವನ್ನೂ ಒಂದೊಂದು ಚೌಕ ಮಾಡಿ ಬರೆದದ್ದು, ಮೃಗಗಳು, ಮುದ್ರೆಗಳು, ತುತ್ತೂರಿಗಳು, ಎಂಥ ಚೆಂದದ ಕೈ, ಕೊನೆಯ ಚೌಕ ಮಾತ್ರ ಖಾಲಿ ಇತ್ತು, ಏಳು ತಿಂಗಳ ಹಿಂದೆ ಒಂದು ಭಾನುವಾರ ಕೆಂಪು ಬಣ್ಣ ಅದ್ದಿ ಅಲ್ಲಿ ಕರ್ತನು ಮರಳಿ ಬಂದು ತನ್ನವರನ್ನು ಕರೆದೊಯ್ಯುವ ತಾರೀಕು ಬರೆದರು, ಈ ತಿಂಗಳ ಹದಿನಾಲ್ಕು, ಅಂದಿನಿಂದ ಸಭೆಯಲ್ಲಿ ಒಬ್ಬರನ್ನೊಬ್ಬರು ಕಂಡಾಗ ಹೇಳುವ ಮಾತೇ ಬದಲಾಯಿತು, ವೇಳೆ ಬಂತು ಸಹೋದರಿ, ಬಂತು ಸಹೋದರ, ಬಂತು ಬಂತು — ಇವತ್ತು ಒಂಬತ್ತು, ಬರುವ ಭಾನುವಾರ ಹದಿನಾಲ್ಕು, ಅದಾದ ಮೇಲೆ ಬುಧವಾರ ಎನ್ನುವುದು ಎಲ್ಲಿದೆ, ಯಾವ ಪಟದ ಯಾವ ಚೌಕದಲ್ಲಿದೆ ಆ ಬುಧವಾರ, ಎಡಗಣ್ಣು, ಆ ಎಡಗಣ್ಣನ್ನೇ ತೋರಿಸಿ ಅವರು ಹೇಳಿದ್ದಲ್ಲವೇ, ಇದನ್ನ ನಾನು ಮಾಡಿಸಲ್ಲ, ಆತನನ್ನ ಹೊಸ ಕಣ್ಣಲ್ಲೇ ನೋಡ್ತೀನಿ, ಆ ದಿನ ಸಭೆಯಲ್ಲಿ ಅಳದೆ ಉಳಿದವರು ಯಾರು, ಬಣ್ಣದ ಅಂಗಡಿಯವನು ಕೆಳಗಿನಿಂದ ಬಂದು ಯಾರಾದರೂ ಹೋಗಿಬಿಟ್ರಾ ಎಂದು ಕೇಳಿದ್ದ.

ಅಷ್ಟರಲ್ಲಿ ಸಿಸ್ಟರ್ ಕಪಾಟು ತೆರೆದೇಬಿಟ್ಟರು, ಕಪಾಟಿನ ಬಾಗಿಲು ಕಿರ್ರೆಂದಿತು, ಮೂರು ತಿಂಗಳಿಂದ ಅದಕ್ಕೆ ಎಣ್ಣೆ ಬಿಟ್ಟಿಲ್ಲ, ಯಾಕೆ ಬಿಡಬೇಕು ಇನ್ನೆಷ್ಟು ದಿನ, ಹೆರಿಗೆ ಸೆಟ್ಟು ಹದಿಮೂರು, ಹೊಟ್ಟೆ ಸೆಟ್ಟು ಹದಿಮೂರು, ಮೂಳೆ ಸೆಟ್ಟು ಹದಿಮೂರು, ಮಕ್ಕಳ ಸೆಟ್ಟು, ಹೊಲಿಗೆ ಬಿಚ್ಚುವ ಸೆಟ್ಟು, ಸಿಸ್ಟರ್ ಬೆರಳಿನಿಂದ ಒಂದೊಂದನ್ನೇ ತಿರುವುತ್ತಾರೆ, ಬೆರಳು ನಿಧಾನವಾಗುತ್ತದೆ, ಅಲ್ಲಮ್ಮಾ, ಇಡೀ ಕಪಾಟು ಒಂದೇ ದಿನ ಸಾಯೋದಾ, ಹದಿನಾಲ್ಕಕ್ಕೆ ಏನು ಪ್ರಳಯವಾ? ನಕ್ಕರು, ನಕ್ಕೇಬಿಟ್ಟರು, ಏಳು ತಿಂಗಳಿಂದ ಯಾರಾದರೂ ಇದೇ ಪ್ರಶ್ನೆ ಕೇಳಲಿ ಎಂದು ಅವಳು ಕಾದಿದ್ದಳು, ಬಸ್ಸಿನಲ್ಲಿ, ಊಟದ ಕೋಣೆಯಲ್ಲಿ, ಕೇಳಿದರೆ ಹೌದು ಎನ್ನಬೇಕು, ಎದೆಯೆತ್ತಿ ಹೌದು ಎನ್ನಬೇಕು, ಕನ್ನಡಿಯ ಮುಂದೆ ಹೇಳಿ ನೋಡಿಕೊಂಡಿದ್ದಳು, ಈಗ ಪ್ರಶ್ನೆ ತಾನಾಗಿ ಬಂದು ಮುಂದೆ ನಿಂತರೆ ಬಾಯಿಯಿಂದ ಬಂದದ್ದು, ಕೈತಪ್ಪು ಸಿಸ್ಟರ್ — ಏಳು ತಿಂಗಳಲ್ಲಿ ಮೊದಲನೆಯ ಸುಳ್ಳು. ನೂರ ಹದಿನೆಂಟು ಗಂಟಿಗೂ ಒಂದೇ ಕೈತಪ್ಪಾ, ಏನು ಪ್ರೀತಿಗೀತಿ ಮಾಡ್ತಿದ್ದೀಯಾ ಈ ವಯಸ್ಸಲ್ಲಿ, ತಲೆ ಎಲ್ಲಿಟ್ಟಿದ್ದೆ? ತಲೆ ಆ ಕೆಂಪು ಚೌಕದಲ್ಲಿತ್ತು. ನಿಯಮ ಗೊತ್ತಿಲ್ಲದ್ದೇನಲ್ಲ, ಶುದ್ಧ ಮಾಡಿದ ದಿನದಿಂದ ಮೂರು ತಿಂಗಳು, ಎರಡೂ ತಾರೀಕು ಚೀಟಿಯ ಮೇಲೆ, ಬರೆದು ಬರೆದು ಕೈಗೆ ಕಣ್ಣೇ ಬೇಕಿರಲಿಲ್ಲ, ಆದರೆ ಆ ಮೂರು ತಿಂಗಳು ಹದಿನಾಲ್ಕನ್ನು ದಾಟುವ ದಿನ ಬಂದಾಗ ಪೆನ್ನು ನಿಂತುಬಿಟ್ಟಿತು, ಅದರಾಚೆಯ ತಾರೀಕು ಬರೆದರೆ ಆತ ಬರುವುದಿಲ್ಲವೆಂದು ತನ್ನ ಕೈಯಾರೆ ರುಜು ಹಾಕಿದಂತಲ್ಲವೇ, ಬಾಯಲ್ಲಿ ಬಂತು ಬಂತು ಎಂದು ಕೈಯಲ್ಲಿ ಇಲ್ಲ ಎಂದು ಬರೆಯುವುದು ಹೇಗೆ, ಅದಕ್ಕೇ ಹದಿಮೂರು, ಅಂದಿನಿಂದ ಎಲ್ಲಕ್ಕೂ ಹದಿಮೂರು, ತಾರೀಕು ಕಮ್ಮಿ ಬರೆದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡಿದ್ದಳು, ಉಳಿದವರ ಯೋಚನೆ ಬರಲೇ ಇಲ್ಲ, ಆತ ಬಂದು ತಮ್ಮನ್ನೆಲ್ಲ ಕರೆದುಕೊಂಡು ಹೋದರೂ ಹದಿನೈದನೇ ತಾರೀಕು ಬೆಳಿಗ್ಗೆ ಇಲ್ಲಿ ಉಳಿದ ಯಾವಳೋ ಒಬ್ಬಳಿಗೆ ಹೆರಿಗೆ ನೋವು ಬರುವುದಿಲ್ಲವೇ, ಅವಳಿಗೆ ಕತ್ತರಿ ಬೇಡವೇ, ಅಯ್ಯೋ, ಸ್ವರ್ಗಕ್ಕೆ ಹೊರಟವಳು ಕಪಾಟಿಗೆ ಬೀಗ ಹಾಕಿಕೊಂಡು ಹೊರಟಿದ್ದಳು. ಮಧ್ಯಾಹ್ನದೊಳಗೆ ಎಲ್ಲ ಚೀಟಿ ತಿದ್ದಿಡು, ಸಿಸ್ಟರ್ ಟೇಪಿನ ಗೆರೆ ಉಜ್ಜಿ ನೋಡುತ್ತ ಹೇಳುತ್ತಾರೆ, ಗಂಟು ಒಳ್ಳೇದೇ, ಚೀಟಿ ಸುಳ್ಳು ಹೇಳ್ತಿದೆ ಅಷ್ಟೇ — ಚಪ್ಪಲಿ ಮೆಟ್ಟಿಲು ಹತ್ತಿ ಹೋಯಿತು.

ಗಂಟು ಒಳ್ಳೆಯದು, ಚೀಟಿ ಸುಳ್ಳು. ಅವಳು ಸ್ಟೂಲಿನ ಮೇಲೆ ಕುಳಿತಳು, ಮೊದಲು ಕಣ್ಣಿನ ಸೆಟ್ಟು, ಹಳೆಯ ಚೀಟಿ ಕಿತ್ತು ಹೊಸದು ಅಂಟಿಸಿ ಪೆನ್ನು ಹಿಡಿದಳು, ಏಳು ತಿಂಗಳು ಅವಳು ಎಷ್ಟು ಒಳ್ಳೆಯವಳಾಗಿದ್ದಳು, ಅದು ಸುಳ್ಳಲ್ಲವಲ್ಲ, ಆರು ವರ್ಷದಿಂದ ಮಾತು ಬಿಟ್ಟಿದ್ದ ದೊಡ್ಡಮ್ಮನ ಮಗಳ ಬಾಗಿಲಿಗೆ ತಾನೇ ಹೋಗಿ ನಿಂತು ನನ್ನದು ತಪ್ಪಾಯ್ತಕ್ಕ ಅಂದಿದ್ದಳು, ಅಕ್ಕ ಅತ್ತುಬಿಟ್ಟಿದ್ದಳು, ಯಾರದೋ ಮರೆತುಹೋದ ಕೊಡೆಯನ್ನು ಎರಡು ಬಸ್ಸು ಬದಲಿಸಿ ಹೋಗಿ ಕೊಟ್ಟು ಬಂದಿದ್ದಳು, ಊಟದ ಕೋಣೆಯಲ್ಲಿ ಚಾಡಿ ಶುರುವಾದರೆ ಎದ್ದುಹೋಗುತ್ತಿದ್ದಳು, ಅವರು ಇವಳಿಗೆ ಸಂತಮ್ಮ ಎಂದು ಹೆಸರಿಟ್ಟರು, ಇಡಲಿ, ಇನ್ನೆಷ್ಟು ದಿನ, ಈ ಇನ್ನೆಷ್ಟು ದಿನ ಎನ್ನುವುದು ಎಂಥ ಹಗುರ ಕೊಡುತ್ತಿತ್ತು, ನಾಳೆ ಮನೆ ಖಾಲಿ ಮಾಡುವವರು ಇವತ್ತು ಪಕ್ಕದವರಿಗೆ ಡಬ್ಬಿ ಡಬ್ಬಿ ಹಂಚುತ್ತಾರಲ್ಲ ಹಾಗೆ, ಆದರೆ ಖಾಲಿ ಮಾಡುವವರು ಸೋರುವ ನಲ್ಲಿ ರಿಪೇರಿ ಮಾಡಿಸುವುದಿಲ್ಲ, ಅಡುಗೆಮನೆಯ ನಲ್ಲಿ ಏಳು ತಿಂಗಳಿಂದ ಸೋರುತ್ತಿದೆ, ಸಂಜೆ ತರಗತಿಯ ಎರಡನೆಯ ವರ್ಷಕ್ಕೆ ಅವಳು ಹೆಸರು ಕೊಡಲಿಲ್ಲ, ಕಪಾಟಿಗೆ ಎಣ್ಣೆ ಬಿಡಲಿಲ್ಲ, ಮತ್ತೆ — ಅದು ಬೇಡ, ಅದು ಈಗ ಬೇಡ, ಬರೆ, ತಾರೀಕು ಬರೆ — ಯೂನಿಫಾರಂ ಜೇಬಿನಲ್ಲಿ ಅದು ತೊಡೆಗೆ ಒತ್ತುತ್ತಿದೆ, ಇಷ್ಟು ತಿಂಗಳು ಒತ್ತಿರಲಿಲ್ಲ, ಪ್ರತಿ ಸಲ ಒಗೆಯುವಾಗ ತೆಗೆದಿಟ್ಟು ಇಸ್ತ್ರಿಯಾದ ಮೇಲೆ ಮತ್ತೆ ಹಾಕಿಕೊಳ್ಳುತ್ತಿದ್ದಳು, ಯಾಕೆಂದು ಕೇಳಿಕೊಂಡಿರಲಿಲ್ಲ, ಗುಂಡಿ, ಷರ್ಟಿನ ಗುಂಡಿ, ಬಿಳಿ, ನಾಲ್ಕು ತೂತು.

ಅಮ್ಮ ಗುಂಡಿಯ ಡಬ್ಬಿಯನ್ನು ಮೇಜಿನ ಮೇಲೆ ಸುರಿದುಕೊಂಡು ಬೆರಳಾಡಿಸುತ್ತಿದ್ದಳು, ಚಿಕ್ಕವಳಿದ್ದಾಗ ಗುಂಡಿ ಬೇರ್ಪಡಿಸುವುದು ಇವಳ ಕೆಲಸವೇ ಅಲ್ಲವೇ, ಷರ್ಟಿನದು ಒಂದು ಕಡೆ, ಲಂಗದ್ದು ಒಂದು ಕಡೆ, ಕೋಟಿನದು ಒಂದು ಕಡೆ, ಅಮ್ಮನಿಗೆ ಲೋಕವೆಲ್ಲ ಗುಂಡಿಯ ಅಳತೆ, ಆಲಿಕಲ್ಲು ಬಿದ್ದರೆ ಕೋಟಿನ ಗುಂಡಿಯಷ್ಟು, ಮಾತ್ರೆ ನುಂಗಿದರೆ ಕುಪ್ಪಸದ ಗುಂಡಿಯಷ್ಟು, ಆ ದಿನ ಹುಡುಕಿ ಹುಡುಕಿ ಒಂದನ್ನು ಆರಿಸಿ ಇವಳ ಅಂಗೈಯಲ್ಲಿಟ್ಟು, ಬಾಗಿಲು ಹಾಕಿದ್ದರೂ ದನಿ ತಗ್ಗಿಸಿ, ಎಡಗಡೆ ಒಂದು ಗಂಟು ಕಣೇ, ನೋವಿಲ್ಲ, ಇಷ್ಟಿದೆ, ಸರಿಯಾಗಿ ಇಷ್ಟೇ, ನಿಮ್ಮ ಆಸ್ಪತ್ರೆ ಡಾಕ್ಟರಿಗೆ ಇದನ್ನ ತೋರಿಸಿ ಕೇಳು, ನಾನು ಬಂದು ಅವರ ಮುಂದೆ ಬಟ್ಟೆ ಬಿಚ್ಚೋದಿದ್ರೆ ಆಮೇಲೆ ಬಿಚ್ತೀನಿ — ನಕ್ಕಳು, ಅಮ್ಮ ಹೆದರಿದಾಗ ನಗುತ್ತಾಳೆ. ಅದು ತಾರೀಕು ಬರೆದ ವಾರವೇ. ಅವಳು ಗುಂಡಿಯನ್ನು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಬಂದಳು, ಡಾಕ್ಟರ ಬಾಗಿಲವರೆಗೂ ಹೋದಳು, ಬಾಗಿಲಲ್ಲಿ ನಿಂತು ಯೋಚನೆ ಬಂತು, ಹೆದರಿಕೆ ಬಂತು ಎನ್ನಬೇಕು, ಇನ್ನು ಏಳು ತಿಂಗಳಿಗೆ ಎಲ್ಲರಿಗೂ ಹೊಸ ದೇಹ ಬರುವುದಾದರೆ ಈ ಹಳೆಯದನ್ನು ಕೊಯ್ಯಿಸುವುದು ಏನು ನಂಬಿಕೆ, ಕೊಯ್ಯಿಸದಿರುವುದು ಏನು ಬುದ್ಧಿ, ತನಗೆ ತಿಳಿಯುವುದಿಲ್ಲ, ತನಗೆ ಯಾವುದು ತಾನೇ ತಿಳಿಯುತ್ತದೆ, ತಿಳಿದವರನ್ನು ಕೇಳೋಣ — ಭಾನುವಾರ ಸಭೆ ಮುಗಿದ ಮೇಲೆ ಮೆಟ್ಟಿಲ ತಿರುವಿನಲ್ಲಿ ಹಿರಿಯರನ್ನು ನಿಲ್ಲಿಸಿದಳು, ಹಿಂದೆ ಮುಂದೆ ಜನ, ಎದೆಯ ಮಾತು ಗಂಡಸರ ಮುಂದೆ ಹೇಗೆ ಆಡುವುದು, ಅದಕ್ಕೇ ಸುತ್ತಿ ಬಳಸಿ, ಅಯ್ಯನವರೇ, ಆಪರೇಷನ್ನು ಮಾಡಿಸೋದಾ, ಕಾಯೋದಾ? ಅಷ್ಟೇ ಕೇಳಿದ್ದು. ಅವರು ಪೊರೆ ಬಂದ ಕಣ್ಣಿನ ಮೇಲೆ ಬೆರಳಿಟ್ಟು ನಕ್ಕರು, ಕಾಯ್ತೀನಿ ಸಹೋದರಿ, ಏಳು ತಿಂಗಳು ತಾನೇ, ಕಾಯಬಹುದು. ಆಹಾ, ಎಷ್ಟು ಹಗುರವಾಗಿ ಇಳಿದಳು ಆ ಮೆಟ್ಟಿಲನ್ನು, ಮನೆಗೆ ಬಂದು ಅಮ್ಮನಿಗೆ ಅದನ್ನೇ ಒಪ್ಪಿಸಿದಳು, ಕಾಯಬಹುದಂತಮ್ಮ, ಅಮ್ಮ ಓ ಎಂದಳು, ಮುಖ ಬೆಳಗಿತು, ಮತ್ತೆ ಯಂತ್ರ ತುಳಿಯತೊಡಗಿದಳು, ಆಮೇಲೆ ಆ ಮಾತು ಮನೆಯಲ್ಲಿ ಏಳಲಿಲ್ಲ, ಇವಳೂ ಎತ್ತಲಿಲ್ಲ, ಇನ್ನೆಷ್ಟು ದಿನ.

ಸಿಸ್ಟರ್ ಬಿಟ್ಟುಹೋದ ಲಿಸ್ಟಿನಲ್ಲಿ ಹಿರಿಯರ ಹೆಸರಿನ ಕೆಳಗೆ ಇನ್ನೊಂದು ಸಾಲಿತ್ತು, ಒಂಬತ್ತು, ಬೆಳಿಗ್ಗೆ ಹನ್ನೊಂದು, ಕಣ್ಣಿನ ಅಳತೆ, ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು, ಅವಳು ಎದ್ದದ್ದು ಅವಳಿಗೇ ಗೊತ್ತಾಗಲಿಲ್ಲ, ಮೆಟ್ಟಿಲು, ಕಾರಿಡಾರು, ಫಿನಾಯಿಲು, ಗಾಲಿ ಕುರ್ಚಿ, ದಾರಿ ಬಿಡಿ ದಾರಿ ಬಿಡಿ, ಕಣ್ಣಿನ ವಿಭಾಗದ ಮುಂದೆ ಸಾಲು ಬೆಂಚು, ಅಲ್ಲಿ ಅವರು ಇರಬಾರದು, ಬೇರೆ ಯಾರಾದರೂ ಮುದುಕರು ಕೂತಿರಲಿ, ಇರಲಿ ಎಂದು ಬೇಡಿಕೊಳ್ಳುತ್ತಲೇ ತಿರುಗಿದಳು, ಅವರೇ ಇದ್ದರು, ಭಾನುವಾರದ ಕೋಟೇ ಹಾಕಿದ್ದರು, ಪಕ್ಕದಲ್ಲಿ ಹೆಂಡತಿ ತೊಡೆಯ ಮೇಲೆ ಫೈಲು ಇಟ್ಟುಕೊಂಡು, ಮುಖವೆತ್ತಿದರು, ಹನಿ ಹಾಕಿ ಹಿಗ್ಗಿದ ಕಣ್ಣು, ಕಪ್ಪೇ ಕಪ್ಪು, ಯಾರು? ನಾನಯ್ಯನವರೇ, ಹೊಲಿಗೆಯಮ್ಮನ ಮಗಳು. ಓ, ಮಗಳೇ, ಏನೂ ಕಾಣ್ತಿಲ್ಲ, ಏನೋ ಹನಿ ಬಿಟ್ಟಿದ್ದಾರೆ, ಎಲ್ಲ ಮಂಜು ಮಂಜು, ನಗು, ವೇಳೆ ಬಂತು ಎನ್ನಲಿಲ್ಲ, ಇವಳೂ ಎನ್ನಲಿಲ್ಲ, ಹದಿನೇಳು ಅಂತ ಬರ್ದಿದೆ ಅಯ್ಯನವರೇ ಎಂದಳು, ನಗು ಅಲ್ಲೇ ಉಳಿಯಿತು, ಒಲೆ ಆರಿದ ಮೇಲೂ ಪಾತ್ರೆ ಬೆಚ್ಚಗಿರುತ್ತದಲ್ಲ ಹಾಗೆ, ಹೆಂಡತಿಯೇ ಮಾತಾಡಿದರು, ನಾನೇ ಬರೆಸಿದ್ದಮ್ಮ, ಹೆಸರು ಕೊಟ್ಟು ನಾಲ್ಕು ತಿಂಗಳಾಯ್ತು, ಹದಿನಾಲ್ಕಕ್ಕೆ ಹೋಗೋದಿದ್ರೆ ಹೋಗೋಣ, ಯಾರು ಬೇಡ ಅಂದ್ರು, ಹೋಗ್ಲಿಲ್ಲ ಅಂದ್ರೆ ಇವರನ್ನ ಕೈ ಹಿಡ್ಕೊಂಡು ಬಚ್ಚಲಿಗೆ ನಡೆಸೋಳು ನಾನು ತಾನೇ, ತುತ್ತೂರಿ ಊದೋರು ಬರ್ತಾರಾ? ಸುಮ್ನಿರೇ, ಹಿರಿಯರು ಎಂದರು, ಗದರಿದ ದನಿಯಲ್ಲ, ದಣಿದ ದನಿ, ಆಮೇಲೆ ಇವಳಿದ್ದ ಕಡೆಗೆ, ಸರಿಯಾಗಿ ಇವಳ ಕಡೆಗಲ್ಲ, ಸ್ವಲ್ಪ ಪಕ್ಕಕ್ಕೆ ಮುಖ ಮಾಡಿ, ಒಂದು ವೇಳೆ ಅಂತ, ಮಗಳೇ. ಅಷ್ಟೇ. ಒಂದು ವೇಳೆ ಅಂತ.

ಒಂದು ವೇಳೆ. ಸಭೆಯಲ್ಲಿ ಅವರು ಆಡುತ್ತಿದ್ದದ್ದೂ ಇದೇ ವೇಳೆಯನ್ನಲ್ಲವೇ, ವೇಳೆ ಬಂತು, ವೇಳೆ ಹತ್ತಿರವಾಯ್ತು, ಅದರ ಹಿಂದೆ ಒಂದು ಎಂಬ ಇಷ್ಟು ಚಿಕ್ಕ ಮಾತು ಅಂಟಿಸಿದರೆ ಎಲ್ಲ ತಿರುವುಮುರುವಾಗುತ್ತದೆ, ಅದೊಂದನ್ನು ಪಟದಲ್ಲಿ ಯಾಕೆ ಬರೆಯಲಿಲ್ಲ ಅಯ್ಯನವರೇ, ಅಷ್ಟು ದೊಡ್ಡ ಬಟ್ಟೆ, ಒಂದು ಮೂಲೆಯಲ್ಲಿ, ಸಣ್ಣಕ್ಷರದಲ್ಲಿ, ನಮಗೂ ಆ ಒಂದು ವೇಳೆಯನ್ನು ಕೊಟ್ಟಿದ್ದರೆ ಏನು ಹೋಗುತ್ತಿತ್ತು — ಇದೆಲ್ಲ ಒಳಗೇ, ಹೊರಗೆ ಬಂದದ್ದು ಇಷ್ಟೇ, ಅಮ್ಮನಿಗೆ ಎದೇಲಿ ಗಂಟಿದೆ ಅಯ್ಯನವರೇ, ಏಳು ತಿಂಗಳಾಯ್ತು, ನೀವು ಕಾಯಬಹುದು ಅಂದ್ರಿ. ನಾನಾ, ಯಾವಾಗ? ಮೆಟ್ಟಿಲ ಮೇಲೆ ಕೇಳಿದ್ನಲ್ಲ, ಮಾಡಿಸೋದಾ ಕಾಯೋದಾ ಅಂತ. ಅವರ ಕಾಣದ ಕಣ್ಣು ಗೋಡೆಯ ಮೇಲೆಲ್ಲೋ ಹುಡುಕಿತು, ಮಗಳೇ, ನೀನು ನನ್ನ ಕಣ್ಣಿನ ವಿಷಯ ಕೇಳಿದ್ದಲ್ವಾ? — ನನ್ನ ಕಣ್ಣಿನದು ಅಂದ್ಕೊಂಡೆ, ಅವತ್ತು ಎಲ್ಲರೂ ಅದನ್ನೇ ಕೇಳ್ತಿದ್ರು, ಅಮ್ಮ ಅಂತ ಒಂದು ಮಾತು ಅಂದಿದ್ರೆ ಅವತ್ತೇ ನಾನು ಕೈ ಹಿಡಿದು ಎಳ್ಕೊಂಡು ಬರ್ತಿದ್ದೆನಲ್ಲ ಮಗಳೇ ಇಲ್ಲಿಗೆ, ಅಮ್ಮ ಅಂತ ಯಾಕನ್ನಲಿಲ್ಲ? ಅವರ ಕೈ ಗಾಳಿಯಲ್ಲಿ ಇವಳ ಕೈಗಾಗಿ ತಡಕುತ್ತಿತ್ತು, ಸಿಗಲಿಲ್ಲ, ಇವಳು ಕೊಡಲಿಲ್ಲವೋ ಅವರಿಗೆ ಕಾಣಲಿಲ್ಲವೋ, ಹೆಂಡತಿ ಫೈಲು ಕೆಳಗೆ ಬೀಳಿಸಿಕೊಂಡು ಅಯ್ಯೋ ದೇವರೇ ಏಳು ತಿಂಗಳಾ ಎಂದದ್ದು ಬೆನ್ನ ಹಿಂದೆ ಕೇಳಿತು, ಅಮ್ಮ ಅಂತ ಯಾಕನ್ನಲಿಲ್ಲ, ಬೈಯಲು ಒಬ್ಬರು ಸಿಕ್ಕಿದರು ಎಂದುಕೊಂಡು ಮೆಟ್ಟಿಲು ಹತ್ತಿ ಬಂದಿದ್ದಳು, ಆ ಬೈಗುಳ ಹಿಂದಕ್ಕೆ ಬಂದು ತನ್ನ ಬಾಯಲ್ಲೇ ಕೂತಿದೆ, ಅವರು ಹೇಳಿರಲೇ ಇಲ್ಲ, ಬೇಡ ಎಂದು ಅವರು ಯಾರಿಗೂ ಹೇಳಿರಲೇ ಇಲ್ಲ, ಅವರ ಕಣ್ಣಿಗೆ ಸಿಕ್ಕ ಉತ್ತರವನ್ನು ಇವಳು ಅಮ್ಮನ ಎದೆಗೆ ಅಂಟಿಸಿದ್ದಳು, ಗಂಟು ಒಂದು, ಚೀಟಿ ಇನ್ನೊಂದರದ್ದು.

ಕಿಟಕಿಯ ಪಕ್ಕ ನಿಂತು ಫೋನು ಕಿವಿಗೊತ್ತಿದರೆ ಮೊದಲು ಕೇಳುವುದು ಯಂತ್ರದ ಸದ್ದು, ಟರ್ರ್ ಟರ್ರ್, ಆಮೇಲೆ ಅಮ್ಮ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, ಏನೇ, ಊಟ ಮರ್ತು ಹೋದ್ಯಾ? ಇಲ್ಲಮ್ಮ, ಆ ಗುಂಡಿ, ನೀನು ಕೊಟ್ಟಿದ್ದೆಯಲ್ಲ, ಡಾಕ್ಟರಿಗೆ ತೋರಿಸು ಅಂತ. ಹ್ಞೂಂ, ಅದಕ್ಕೇನೀಗ, ಅವ್ರು ನೋಡಿ ಕಾಯಬಹುದು ಅಂದ್ರಲ್ಲ. ಕಿಟಕಿಯ ಹೊರಗೆ ಒಬ್ಬ ಕಾರು ತೊಳೆಯುತ್ತಿದ್ದಾನೆ, ನೀರು ಚಕ್ರದ ಸುತ್ತ ಹರಿಯುತ್ತಿದೆ, ಯಾರಂದ್ರಮ್ಮ? ಡಾಕ್ಟ್ರು ಕಣೇ, ನೀನೇ ಬಂದು ಹೇಳಿದ್ದು, ಕಾಯಬಹುದಂತಮ್ಮ ಅಂತ. ಡಾಕ್ಟರು ಅಂತ ಹೇಳಿದ್ನಾ ನಾನು? ಮತ್ತಿನ್ಯಾರು ಹೇಳ್ತಾರೆ, ದರ್ಜಿ ಹೇಳ್ತಾನಾ, ನಕ್ಕಳು, ಗುಂಡಿ ನೋಡೇ ತಾನೇ ಹೇಳಿದ್ದು? ಕಾಯಬಹುದು ಎನ್ನುವುದಕ್ಕೆ ಅಂಟಿದ ಅಂತ ಎಂಬ ಎರಡಕ್ಷರದ ಬಾಲ, ಯಾರೋ ಅಂದರಂತೆ, ಯಾರು ಎಂದು ಅಮ್ಮ ಕೇಳಲಿಲ್ಲ, ಆಸ್ಪತ್ರೆಯ ಯೂನಿಫಾರಮ್ಮಿನಲ್ಲಿ ನಿಂತು ಮಗಳು ಹೇಳಿದರೆ ಕೇಳುವುದೇನಿದೆ, ಅಮ್ಮಾ, ಹದಿನಾಲ್ಕರ ವಿಷಯ ನಿನಗೆ ಗೊತ್ತಿತ್ತಲ್ಲ, ಅದಕ್ಕೇ ಅಲ್ವಾ ನೀನೂ ಕಾದಿದ್ದು, ಎಂದಳು, ಎಲ್ಲಾದರೂ ಒಂದು ಹಿಡಿಕೆ ಸಿಗಲಿ ಎಂದು. ಆ ಪಟದ ಮಾತಾ? ಅಯ್ಯೋ ಹುಚ್ಚು ಹುಡುಗಿ, ಕಳ್ಳನ ಹಾಗೆ ಬರ್ತೀನಿ ಅಂದೋನು ತಾರೀಕು ಹೇಳಿಕಳಿಸಿ ಬರ್ತಾನೇನೇ, ನೀನು ಖುಷಿಯಾಗಿದ್ದೆ, ಇರ್ಲಿ ಅಂತ ಸುಮ್ನಿದ್ದೆ, ನಾನು ಆ ಬಟ್ಟೆಗೆ ಅಂಚು ಹೊಲಿದಿದ್ದಷ್ಟೇ, ನಂಬಿದ್ದು ನಿನ್ನನ್ನ. ಟರ್ರ್ ಟರ್ರ್. ಈಗ ಎಷ್ಟಿದೆಯಮ್ಮ? ಯಂತ್ರ ನಿಂತಿತು. ಬಾಯಿಂದ ಸೂಜಿ ತೆಗೆದು ಮೇಜಿನ ಮೇಲಿಟ್ಟ ಸದ್ದು, ಒಂದು, ಎರಡು, ಮೂರು, ಆ ಗುಂಡಿ ಈಗ ಆ ಕಾಜಕ್ಕೆ ಸಾಲಲ್ಲ ಕಣೇ, ಅಮ್ಮ ಎಂದಳು, ಬಟ್ಟೆಯ ವಿಷಯ ಹೇಳುವಂತೆ, ತೂತಿಗಿಂತ ಗುಂಡಿ ಚಿಕ್ಕದಾದರೆ ಹೇಳುವಂತೆ, ಕೋಟಿಂದು ಬೇಕಾಗುತ್ತೆ. ಕಂಕುಳಲ್ಲೊಂದು ಹೊಸದು ಬಂದಿದೆ, ಅದು ಷರ್ಟಿಂದು. ಹೇಳೋಣ ಅಂತಿದ್ದೆ, ಡಾಕ್ಟ್ರೇ ಕಾಯಬಹುದು ಅಂದ್ಮೇಲೆ ಸುಮ್ಮನೆ ನಿನ್ನ ಯಾಕೆ ಗೋಳು ಹೊಯ್ಕೊಳ್ಳೋದು — ಯಾಕೇ, ಏನಂದ್ರು ಅವ್ರು, ಹಲೋ?

ಈ ಬಾಗಿಲು. ಏಳು ತಿಂಗಳ ಹಿಂದೆ ಇದೇ ಹಸಿರು ಬಾಗಿಲ ಮುಂದೆ ನಿಂತು ಹಿಂದಿರುಗಿದ್ದಳು, ಹಿಡಿಕೆ ತಣ್ಣಗಿದೆ, ಒಳಗೆ ಡಾಕ್ಟರಮ್ಮ ಏನೋ ಬರೆಯುತ್ತಿದ್ದಾರೆ, ತಲೆಯೆತ್ತದೆ, ಓ ಕೆಳಗಿನ ಕೋಣೆಯವರಾ, ಏನಮ್ಮ, ಸೆಟ್ಟು ರೆಡಿ ಇದೆಯಾ? ಸೆಟ್ಟಲ್ಲ ಡಾಕ್ಟರೇ, ನಮ್ಮಮ್ಮ, ಎದೇಲಿ ಗಂಟು — ಅಮ್ಮ ಎನ್ನುವುದು ಎಷ್ಟು ಸುಲಭವಾಗಿ ಬಾಯಿಂದ ಬಂತು, ಇಷ್ಟು ಸುಲಭವಿತ್ತೇ ಅದು — ಪೆನ್ನು ನಿಂತಿತು, ಕೂತ್ಕೊಳ್ಳಿ, ವಯಸ್ಸು ಎಷ್ಟು, ಅರವತ್ತಾರು, ನಾಳೆ ಬೆಳಿಗ್ಗೆ ಎಂಟಕ್ಕೆ ಕರ್ಕೊಂಡು ಬನ್ನಿ, ಮೊದಲು ನೋಡ್ತೀನಿ, ಪರೀಕ್ಷೆಗೆ ಕಳಿಸ್ತೀನಿ, ಆಪರೇಷನ್ನು ಬೇಕು ಅಂದ್ರೆ ಹದಿನೆಂಟಕ್ಕೆ ಜಾಗ ಇದೆ, ಹೆಸರು ಬರೆದಿಡ್ತೀನಿ, ಹದಿನೆಂಟು, ಆಚೆಯ ತಾರೀಕು, ಹೌದು ಬರೆಯಿರಿ, ಹದಿನೆಂಟು, ಇರಲಿ, ದೇವರೇ ಹದಿನೆಂಟು ಬರಲಿ, ಹದಿನಾಲ್ಕಕ್ಕೆ ಬರಬೇಡ, ಏಳು ತಿಂಗಳು ದಿನಕ್ಕೆ ಮೂರು ಸಲ ಮಂಡಿಯೂರಿ ಬಾ ಬಾ ಎಂದವಳು ಈಗ ನಿಂತಲ್ಲೇ ಬರಬೇಡ ಎನ್ನುತ್ತಿದ್ದಾಳೆ, ಸ್ವಲ್ಪ ತಡೆ, ಒಂದು ವಾರ ತಡೆ, ಒಂದು ವರ್ಷ ತಡೆ, ನಲ್ಲಿ ರಿಪೇರಿಯಾಗಲಿ, ಕಪಾಟು ತಿದ್ದಬೇಕು, ನೂರ ಹದಿನೆಂಟು ಚೀಟಿ — ಗೊತ್ತಾಗಿದ್ದು ಯಾವಾಗ, ಡಾಕ್ಟರಮ್ಮ ಕೇಳುತ್ತಾರೆ, ಇತ್ತೀಚೆಗಾ? ಇತ್ತೀಚೆಗೆ ಎಂದರೆ ಸಾಕು, ಎರಡನೆಯ ಸುಳ್ಳು, ಯಾರಿಗೂ ತಿಳಿಯುವುದಿಲ್ಲ, ಏಳು ತಿಂಗಳು ಡಾಕ್ಟರೇ. ಏಳು ತಿಂಗಳಾ, ಆಸ್ಪತ್ರೇಲೇ ಕೆಲಸ ಮಾಡ್ಕೊಂಡು ಏಳು ತಿಂಗಳಾ? ಆಗ ಎಷ್ಟಿತ್ತು? ಕೈ ಜೇಬಿಗೆ ಹೋಯಿತು, ಮುಷ್ಟಿ ಹೊರಗೆ ಬಂತು, ಮೇಜಿನ ಮೇಲೆ, ಫೈಲಿನ ಪಕ್ಕ, ಬೆರಳು ಒಂದೊಂದೇ ಬಿಚ್ಚಿಕೊಂಡಿತು, ಗುಂಡಿ, ಮಣ್ಣಿನಲ್ಲಿ ತೋಡುವುದಕ್ಕೂ ಅದೇ ಹೆಸರು, ಇಷ್ಟು, ಸರಿಯಾಗಿ ಇಷ್ಟೇ ಇತ್ತು, ಏಳು ತಿಂಗಳು ಒಗೆಯುವಾಗಲೆಲ್ಲ ತೆಗೆದಿಟ್ಟು ಜೋಪಾನ ಮಾಡಿದ್ದು, ಒಂದಿಷ್ಟೂ ಬೆಳೆದಿಲ್ಲ, ಬಿಳಿ, ದಾರವಿಲ್ಲ, ನಾಲ್ಕು ತೂತು, ಷರ್ಟಿನ ಗುಂಡಿ, ನಾಲ್ಕು ತೂತು, ಷರ್ಟಿನ ಗುಂಡಿ —